ಕೆಂಪು ಪುಡಿ ಕಾರ್ಖಾನೆಗೆ ಹೋದ ಓಬ

ಕೇಳ್ರಪ್ಪಾ, ನಗೋದಾದ್ರೆ ಈಗಲೇ ನಕ್ಕುಬಿಡಿ. ಆಮೇಲೆ ನಗು ಬರುತ್ತೋ ಇಲ್ವೋ ನಾನು ಹೇಳಲಾರೆ.

ಒಬ್ಬಳು ಪಾಲಮ್ಮ. ಅವಳಿಗೊಬ್ಬ ಮಗ ಓಬ. ಆಳು ತೊಲೆ ಹಂಗಿದ್ದ, ಬುದ್ಧಿ ಮಾತ್ರ ಚಿಗುರಲಿಲ್ಲ. ಹೇಳಿದ್ದನ್ನ ಹೇಳಿದ ಹಂಗೇ ಮಾಡೋನು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ.

"ಲೋ ಓಬಾ, ಹಾಲು ಉಕ್ಕುತ್ತೆ, ನೋಡ್ತಾ ಇರು" ಅಂತ ಅವಳು ನೀರಿಗೆ ಹೋದಳು. ಬಂದು ನೋಡಿದ್ರೆ ಹಾಲೆಲ್ಲ ಒಲೆ ಪಾಲು!

"ನೋಡ್ತಾ ಇರು ಅಂದಿದ್ದೆನಲ್ಲೋ!"

"ನೋಡಿದೆ ಕಣವ್ವಾ! ಚೆಂದಾಗಿ ಉಕ್ಕಿತು!"

ಪಾಲಮ್ಮ ತಲೆ ತಲೆ ಚಚ್ಚಿಕೊಂಡಳು. "ನಾನು ಕಣ್ಣು ಮುಚ್ಚಿದ್ರೆ ನಿನ್ನ ಗತಿ ಏನೋ!"

"ಮುಚ್ಚಬೇಡ ಬಿಡವ್ವಾ" ಅಂದ ಓಬ.

ಮನೇಲಿ ಇನ್ನೊಂದು ಜೀವ ಇತ್ತು. ಪಾಲಮ್ಮನ ಸತ್ತ ಮಗಳ ಕೂಸು, ಬೋರಿ. ಆಗಿನ್ನೂ ತೊದಲು ಮಾತು. ಓಬ ಅಂದ್ರೆ ಅದಕ್ಕೆ ಪ್ರಾಣ. ಊರೆಲ್ಲ ಪೆದ್ದ ಅಂತಿತ್ತು, ಬೋರಿ ಒಂದೇ "ಮಾಮ, ಮಾಮ" ಅಂತಿತ್ತು.

ಊರಾಚೆ ಒಂದು ಕಾರ್ಖಾನೆ ಬಂತು. ಸೀಸವನ್ನ ಸುಟ್ಟು, ಅರೆದು, ಕೆಂಪು ಪುಡಿ ಮಾಡೋ ಕಾರ್ಖಾನೆ. ಕಬ್ಬಿಣಕ್ಕೆ ತುಕ್ಕು ಹಿಡಿಯದ ಹಂಗೆ ಬಳಿಯೋ ಬಣ್ಣಕ್ಕೆ ಆ ಪುಡಿ ಬೇಕಂತೆ. ನೋಡೋಕೆ ಕುಂಕುಮ. ಒಳಗೆ ವಿಷ. ಬುದ್ಧಿ ಇದ್ದೋರು ನಾಲ್ಕು ದಿನ ಮಾಡಿ, ಹೊಟ್ಟೆನೋವು ಅಂತ ಬಿಟ್ಟು ಬಂದರು. ಆಮೇಲೆ ಮೇಸ್ತ್ರಿ ಪರಸಪ್ಪ ಓಬನ್ನ ಹುಡುಕಿಕೊಂಡು ಬಂದ. ಹೇಳಿದ್ದನ್ನ ಹೇಳಿದ ಹಂಗೆ ಮಾಡೋ ಆಳು ಎಲ್ಲಿ ಸಿಗ್ತಾನೆ ಹೇಳಿ!

ಮೊದಲ ದಿನ ಮೇಸ್ತ್ರಿ ಅಂದ: "ಲೇ, ಈ ಪುಡಿ ಬಾಯಿಗೆ ಹೋಗಬಾರದು. ಬಾಯಿಗೆ ಬಟ್ಟೆ ಕಟ್ಕೋ. ಬಿಚ್ಚಬೇಡ!"

ಓಬ ಕಟ್ಟಿಕೊಂಡ. ಸಂಜೆ ಮನೆಗೆ ಬಂದ, ಬಿಚ್ಚಲಿಲ್ಲ. ಪಾಲಮ್ಮ ಬಿಸಿ ಮುದ್ದೆ ಇಟ್ಟಳು, ಬಿಚ್ಚಲಿಲ್ಲ. "ಉಣ್ಣೋ" ಅಂದಳು. ಮುದ್ದೆ ನೋಡಿ ಕಣ್ಣಲ್ಲಿ ನೀರು ಹಾಕಿಕೊಂಡ, ಬಿಚ್ಚಲಿಲ್ಲ! ಕೆಂಪಗಾದ ಬಟ್ಟೆ ಮೂಗಿಗೆ ಕಟ್ಟಿಕೊಂಡೇ ಉಪವಾಸ ಮಲಗಿದ.

"ಥೂ ಪೆದ್ದ! ಅಲ್ಲಿ ಕಟ್ಕೋಬೇಕು, ಇಲ್ಲಿ ಬಿಚ್ಚಬೇಕು! ಊಟಕ್ಕೆ ಮುಂಚೆ ಕೈ ತೊಳೀಬೇಕು! ತಿಳೀತಾ?"

"ತಿಳೀತವ್ವಾ!"

ಮಾರನೇ ದಿನ ಎದ್ದವನೇ ಕೈ ತೊಳೆದ. ಉಜ್ಜಿ ಉಜ್ಜಿ ತೊಳೆದ. ಕಾರ್ಖಾನೆಗೆ ಹೋದ, ಪುಡಿ ಅರೆದ, ಪುಡಿ ತುಂಬಿದ, ಬುತ್ತಿ ಬಿಚ್ಚಿದ, ಕೆಂಪು ಕೈಯಲ್ಲೇ ಉಂಡ.

"ಕೈ ತೊಳೆದ್ಯೇನೋ?" ಅಂದಳು ಪಾಲಮ್ಮ ಸಂಜೆ.

"ಊಟಕ್ಕೆ ಮುಂಚೆ ತೊಳೆದೆ ಕಣವ್ವಾ! ಬೆಳಿಗ್ಗೆನೇ!"

ಪಾಲಮ್ಮ ನಕ್ಕಳೋ ಅತ್ತಳೋ! ಸೆರಗು ಕಟ್ಟಿ ನೇರ ಮೇಸ್ತ್ರಿ ಹತ್ತಿರ ಹೋದಳು. "ಅಯ್ಯಾ, ನನ್ನ ಮಗ ಪೆದ್ದ. ಅಲ್ಲಿ ಕೈ ತೊಳೆಯೋಕೆ ನೀರು, ಒಂದು ಸಾಬೂನು ಇಡಿಸಿ."

"ನೀರು ಸಾಬೂನು ಎಲ್ಲಿಂದ ತರೋದವ್ವಾ? ದಿನಾ ಒಂದುಂಡೆ ಬೆಲ್ಲ ಕೊಡ್ತೀವಿ. ಪುಡಿ ಎಷ್ಟಿದ್ರೂ ಬೆಲ್ಲ ತಿಂದುಹಾಕುತ್ತೆ."

ಓಬ ಕೇಳಿಸಿಕೊಂಡ. ಬೆಲ್ಲ ಪುಡಿ ತಿನ್ನುತ್ತೆ! ಹಂಗಾದ್ರೆ ಬೆಲ್ಲಕ್ಕೆ ಪುಡಿ ಹಾಕಬೇಕಲ್ಲ! ತನ್ನ ಪಾಲಿನ ಬೆಲ್ಲವನ್ನ ಪುಡಿ ಡ್ರಮ್ಮಿನೊಳಗೆ ಇಟ್ಟು, ತಿನ್ನಲಿ ಅಂತ ಕಾದು ಕೂತ. ಇರುವೆ ಬಂದವು. ಸಾಲುಸಾಲಾಗಿ ಬಂದವು. ಬಂದವು ಬಂದಲ್ಲೇ ಸತ್ತವು.

ಮೇಸ್ತ್ರಿ ಕಪಾಳಕ್ಕೆ ಬಿಟ್ಟ. "ಡ್ರಮ್ಮಿಗಲ್ಲವೋ ಬೆಪ್ಪೇ, ಹೊಟ್ಟೆಗೆ!"

ಅವತ್ತಿಂದ ಓಬ ಬೆಲ್ಲ ತಿಂದ. ಕೆಂಪು ಕೈಯಲ್ಲೇ ತಿಂದ. ಯಾವ ಬೆಲ್ಲ ಯಾವ ವಿಷ ತಿಂದೀತು! ಆದ್ರೆ ಆ ಮಾತನ್ನ ಡ್ರಮ್ಮಿಗೆ ಅಂತ ತಿಳಿದೋನು ಪೆದ್ದ, ಹೊಟ್ಟೆಗೆ ಅಂತ ಹೇಳಿದೋನು ಮೇಸ್ತ್ರಿ.

ದಿನ ಹೋದ ಹಂಗೆ ಓಬನ ದಿಂಬು ಕೆಂಪಾಯ್ತು, ಚಾಪೆ ಕೆಂಪಾಯ್ತು. ಒಂದು ಸಂಜೆ ಮಾಮನ ತೊಡೆಯಿಂದ ಇಳಿದ ಬೋರಿಯ ಅಂಗೈಯೂ ಕೆಂಪು. ಪಾಲಮ್ಮ ಕೂಸನ್ನ ಎಳೆದುಕೊಂಡು ಕೈ ತೊಳೆದಳು.

"ಲೋ! ಆ ಪುಡಿ ಒಂದು ಚೂರೂ ಮನೆಗೆ ಬರಬಾರದು! ಪುಡಿ ಹತ್ತಿದ್ದನ್ನೆಲ್ಲ ಅಲ್ಲೇ ಬಿಟ್ಟು ಬಾ!"

"ಆಯ್ತವ್ವಾ!"

ಮಾರನೇ ದಿನ ಸಂಜೆ ಊರು ಊರೇ ಬೀದಿಗೆ ಬಂತು. ಓಬ ಬರ್ತಾ ಇದ್ದ. ಅಂಗಿ ಇಲ್ಲ, ಚಡ್ಡಿ ಇಲ್ಲ, ಉಡುದಾರ ಒಂದಿತ್ತು! ಹೆಂಗಸರು ಬಾಗಿಲು ಹಾಕಿದರು, ಗಂಡಸರು ಬಿದ್ದು ಬಿದ್ದು ನಕ್ಕರು. ಓಬನೂ ಅವರ ಜೊತೆ ನಕ್ಕ.

"ಒಂದು ಚೂರೂ ತಂದಿಲ್ಲ ಕಣವ್ವಾ!"

ಪಾಲಮ್ಮ ಗೋಣಿ ತಟ್ಟು ಸುತ್ತಿ ಒಳಗೆ ಎಳೆದಳು. ನಾಚಿಕೆಗೆ ಅವಳ ಕಿವಿ ಸುಡ್ತಿತ್ತು. ಆ ಸಿಟ್ಟಲ್ಲಿ ಒಂದು ಮಾತು ಆಡಿಬಿಟ್ಟಳು. "ಮಾನಗೆಟ್ಟವನೇ! ಬಟ್ಟೆ ಉಟ್ಕೊಂಡೇ ಬಾ! ಬಂದು ಬಾಗಿಲಲ್ಲೇ ಚೆನ್ನಾಗಿ ಕೊಡವಿ, ಆಮೇಲೆ ಒಳಗೆ ಬಾ!"

ಈ ಒಂದು ಮಾತನ್ನ ಓಬ ಒಂಚೂರೂ ತಪ್ಪಿಲ್ಲದೆ ನಡೆಸಿದ. ದಿನಾ ಸಂಜೆ ಬಂದ, ಹೊಸಲ ಮುಂದೆ ನಿಂತ, ಅಂಗಿ ಬಿಚ್ಚಿ ಪಟಪಟ ಕೊಡವಿದ. ಪಾಲಮ್ಮನೂ "ಅಬ್ಬಾ, ಈಗ ಕಲಿತ!" ಅಂತ ಮೆಚ್ಚಿದಳು. ಆ ಹೊಸಲಲ್ಲೇ ಬೋರಿ ಇಡೀ ದಿನ ಕೂತು ಮಣ್ಣಾಟ ಆಡೋದು. ಕೆಂಪು ಮಣ್ಣು ಅಂದ್ರೆ ಅದಕ್ಕೆ ಇಷ್ಟ. ಹಣೆಗೆ ಇಟ್ಟುಕೊಳ್ಳೋದು. ಆಮೇಲೆ ಬೆರಳನ್ನ ಬಾಯಿಗೆ ಇಟ್ಟುಕೊಳ್ಳೋದು.

ಸುಗ್ಗಿ ಕಳೆಯೋ ಹೊತ್ತಿಗೆ ಕೂಸು ಸೊರಗಿತು. ಹೊಟ್ಟೆ ಹಿಡಿದು ಅಳೋದು, ಉಂಡದ್ದು ದಕ್ಕದು, ಹೊರಕಡೆಗೂ ಆಗದು. ಕಲಿತಿದ್ದ ಮಾತೂ ಮರೆಯೋಕೆ ಶುರುವಾಯ್ತು. ಓಬನಿಗೂ ಹೊಟ್ಟೆ ಹಿಂಡೋದು. ಕೈ ಮಣಿಕಟ್ಟಲ್ಲಿ ಜೋತುಬಿದ್ದು, ಚೊಂಬು ಎತ್ತಿದ್ರೆ ಜಾರೋದು. ಪಾಲಮ್ಮ ಇಬ್ಬರನ್ನೂ ಕರಕೊಂಡು ಪೇಟೆಯ ದೊಡ್ಡಾಸ್ಪತ್ರೆಗೆ ಹೋದಳು.

ರಕ್ತ ತೆಗೆದು ನೋಡಿದ ಡಾಕ್ಟ್ರಮ್ಮ ಕೇಳಿದರು: "ಮನೆಗೆ ಆ ಪುಡಿ ಹೆಂಗೆ ಬಂತಮ್ಮಾ?"

"ಬಾಗಿಲಲ್ಲೇ ಕೊಡವಿ ಬಾ ಅಂತ ನಾನೇ ಹೇಳಿದ್ದೆ ತಾಯೀ" ಅಂದಳು ಪಾಲಮ್ಮ. ಅಂದು ಗೋಡೆಗೆ ಒರಗಿ ಕೂತುಬಿಟ್ಟಳು. ಇಷ್ಟು ದಿನ ಮಗನ್ನ ಪೆದ್ದ ಅಂದ ಬಾಯಿ ಅದು.

ಡಾಕ್ಟ್ರಮ್ಮ ಅವಳ ಭುಜ ಹಿಡಿದು ಎಬ್ಬಿಸಿದರು. "ನಿಮ್ಮ ತಪ್ಪಲ್ಲಮ್ಮಾ. ಕೆಲಸದ ಬಟ್ಟೆ ಅಲ್ಲೇ ಬದಲಿಸಿ, ಅಲ್ಲೇ ಸ್ನಾನ ಮಾಡಿ ಬರೋ ಹಂಗೆ ಕಾರ್ಖಾನೆಯವರು ಏರ್ಪಾಡು ಮಾಡಬೇಕಿತ್ತು. ಹೊಸಲ ಮುಂದಿನ ಮಣ್ಣು ತೆಗೆಸಿಬಿಡಿ. ಮನೇನ ಪೊರಕೇಲಿ ಗುಡಿಸಬೇಡಿ, ಧೂಳೇಳುತ್ತೆ. ಒದ್ದೆ ಬಟ್ಟೇಲಿ ಒರೆಸಿ. ಮಗೂಗೆ ಔಷಧಿ ಕೊಡ್ತೀನಿ. ಆದ್ರೆ ಸೀಸ ಅದರ ಹತ್ತಿರ ಸುಳೀಬಾರದು." ಆಮೇಲೆ ಓಬನ ಕಡೆ ತಿರುಗಿದರು. "ನೋಡಪ್ಪಾ, ನಿನ್ನ ಮೈಯೆಲ್ಲಾ ಸೀಸವೇ ಆಗಿದೆ. ಇವತ್ತೇ ಆ ಕೆಲಸ ಬಿಡು. ಸೀಸ ಇರಬೇಕಾದ್ದು ಕಾರ್ಖಾನೇಲಿ, ಮಗು ಇರೋ ಮನೇಲಲ್ಲ. ತಿಳೀತಾ?"

"ತಿಳೀತು ಡಾಕ್ಟ್ರಮ್ಮಾ!"

ಊರಿಗೆ ಬಂದರು. ಪಾಲಮ್ಮ ಹೊಸಲ ಮುಂದಿನ ಮಣ್ಣನ್ನೆಲ್ಲ ತೆಗೆಸಿದಳು, ಮನೆಯೆಲ್ಲಾ ಒದ್ದೆ ಬಟ್ಟೇಲಿ ಒರೆಸಿದಳು. ತಿರುಗಿ ನೋಡ್ತಾಳೆ, ಓಬ ಇಲ್ಲ! ಬಾವಿ ನೋಡಿದಳು, ತೋಪು ನೋಡಿದಳು. ಕೊನೆಗೆ ಕಾರ್ಖಾನೆ ಗೇಟಿಗೆ ಹೋದಳು. ಕಂಬಿ ಆಚೆ, ಖಾಲಿ ಚೀಲ ಹಾಸಿಕೊಂಡು ಓಬ ಕೂತಿದ್ದ.

"ಲೋ! ಕೆಲಸ ಬಿಡು ಅಂದ್ರಲ್ಲೋ ಡಾಕ್ಟ್ರಮ್ಮ!"

"ಬಿಟ್ಟೆ ಕಣವ್ವಾ! ಕೆಲಸ ಮಾಡ್ತಿಲ್ಲ. ಸುಮ್ಮನೆ ಇದ್ದೀನಿ!"

"ಇಲ್ಲೇನು ಇರೋದು? ಮನೆಗೆ ಬಾ!"

"ಬರಬಾರದು ಕಣವ್ವಾ. ಬೋರಿ ಹತ್ತಿರ ಸೀಸ ಸುಳೀಬಾರದು. ನಾನು ಸೀಸ. ಸೀಸ ಇರಬೇಕಾದ್ದು ಕಾರ್ಖಾನೇಲಿ."

"ನೀನು ಸೀಸ ಅಲ್ಲವೋ! ನೀನು ನನ್ನ ಮಗ ಕಣೋ! ಕೆಲಸ ಬಿಟ್ಟು ಮನೇಲಿದ್ರೆ ಅದು ತಾನಾಗೇ ಇಳಿಯುತ್ತೋ!"

"ಡಾಕ್ಟ್ರಮ್ಮ ಓದಿದೋರು" ಅಂದ ಓಬ.

ಒಳಗಿಂದ ಮೇಸ್ತ್ರಿ ಪರಸಪ್ಪ ಬಂದ. ಪಾಲಮ್ಮ ಕಂಬಿ ಹಿಡಿದು ಬೇಡಿದಳು. "ಅಯ್ಯಾ, ನೀವಾದ್ರೂ ಹೊರಗೆ ಕಳಿಸಿ!"

"ನಾನೇನು ಕಟ್ಟಿಹಾಕಿದ್ದೀನಾ? ತಾನಾಗೇ ಬಂದ. ರಾತ್ರಿ ಕಾವಲಿಗೂ ಆಯ್ತು." ಓಬನ ಬೆನ್ನು ತಟ್ಟಿದ. "ಜಾಣ ಕಣೋ ನೀನು!"

ಹುಟ್ಟಿದಾಗಿಂದ ಯಾರೂ ಓಬನ್ನ ಜಾಣ ಅಂದಿರಲಿಲ್ಲ. ಅವನ ಮುಖ ಅರಳಿತು ನೋಡಿ, ಅದನ್ನ ನೋಡಲಾರದೆ ಪಾಲಮ್ಮ ಸೆರಗು ಮುಚ್ಚಿಕೊಂಡಳು.

ದಿನಾ ಬಂದಳು. ಬೈದಳು, ಬೇಡಿದಳು, ಊರಿನ ಹಿರಿಯರನ್ನ ಕರೆತಂದಳು. ಗೇಟಿನ ಸಂದಿಯಲ್ಲಿ ಮುದ್ದೆ ಕೊಟ್ಟಳು. ಅವನ ಕೈಯಲ್ಲಿ ಹಿಡಿತ ಇಲ್ಲದೆ ಮುದ್ದೆ ಬಿದ್ದಾಗ, ಕಂಬಿ ಸಂದಿಯಿಂದ ತಾನೇ ತುತ್ತು ಮಾಡಿ ಬಾಯಿಗಿಟ್ಟಳು. ದಿನಾ ಅವನು ಒಂದೇ ಕೇಳೋನು: "ಬೋರಿ ಹೆಂಗೈತೆ?"

ಒಂದು ದಿನ ಪಾಲಮ್ಮ ಅಂದಳು: "ಹುಷಾರಾಗ್ತಾ ಐತೆ ಕಣೋ. ಇವತ್ತು ಗಂಜಿ ಕುಡಿದು ದಕ್ಕಿಸಿಕೊಂತು. ಮಾಮ ಎಲ್ಲಿ ಅಂತು. ಇನ್ನಾದ್ರೂ ಬಾರೋ, ನನ್ನಪ್ಪಾ!"

ಓಬ ಎದ್ದು ನಿಂತ. ಕಣ್ಣು ಮಿನುಗಿದವು. ಬರ್ತಾನೆ ಅಂತಲೇ ಪಾಲಮ್ಮ ಕೈ ಚಾಚಿದಳು.

"ನೋಡ್ದ್ಯಾ ಅವ್ವಾ! ನಾನು ಇಷ್ಟು ದೂರ ಬಂದಿದ್ದಕ್ಕೆ ಇಷ್ಟು ಹುಷಾರಾಯ್ತು! ಇನ್ನೂ ದೂರ ಹೋದ್ರೆ ಪೂರ್ತಿ ಹುಷಾರಾಗುತ್ತೆ!"

ಅಂದವನೇ ಚೀಲ ಹೆಗಲಿಗೆ ಹಾಕಿಕೊಂಡ. ಅಂಗಳ ದಾಟಿದ, ಸೀಸ ಸುಡೋ ಒಲೆಮನೆ ದಾಟಿದ. ಎಲ್ಲಕ್ಕಿಂತ ಒಳಗೆ, ಪುಡಿ ಅರೆಯೋ ಕೋಣೆಗೆ ಹೋಗಿ, ಖುಷಿಯಾಗಿ ಬಾಗಿಲು ಹಾಕಿಕೊಂಡ.