ಹಸುಗೂಸಿಗೂ ಸುರಕ್ಷಿತ

ಮನೆಯಲ್ಲೇ ಬೇವಿನ ಸೋಪು ಮಾಡಿ ಮಾರುವ ಚನ್ನವೀರಯ್ಯನವರಿಗೆ ಆತುರ ಹೆಚ್ಚು. ಸೋಪನ್ನು ಅಚ್ಚಿಗೆ ಹೊಯ್ದು ನಾಲ್ಕೇ ದಿನವಾಗಿತ್ತು. ಕೆಲಸದ ತಿಪ್ಪಮ್ಮನನ್ನು ಕರೆದು, "‘ಅಪ್ಪಟ ನೈಸರ್ಗಿಕ, ಹಸುಗೂಸಿಗೂ ಸುರಕ್ಷಿತ’ ಅಂತ ಚೀಟಿ ಅಂಟಿಸು" ಎಂದರು.

"ಅಯ್ನೋರೇ, ಸೋಪಿಗೆ ಹಾಕಿರೋ ಕಾಸ್ಟಿಕ್ ಸೋಡಾದ ಉರಿ ಇಳಿಯೋಕೆ ತಿಂಗಳು ಒಣಗಬೇಕು."

"ಬೇವು ಯಾರನ್ನ ಸುಟ್ಟಿದೆ? ಅಂಟಿಸು, ಇಲ್ಲಾಂದ್ರೆ ನಾಳೆಯಿಂದ ಬರಬೇಡ!"

ಎಷ್ಟು ಸಲ ಹೇಳುವುದು ಈ ಮನುಷ್ಯನಿಗೆ? ತಿಪ್ಪಮ್ಮ ನಿಟ್ಟುಸಿರು ಬಿಟ್ಟು ಚೀಟಿ ಅಂಟಿಸಿದಳು. ಮೊದಲ ಸೋಪು ಹಿಡಿದು ನೆಟ್ಟಗೆ ಬಚ್ಚಲಿಗೆ ನಡೆದಳು. ಅಲ್ಲಿ ಅಯ್ಯನವರ ಹೆಂಡತಿ ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದರು.

"ಅಮ್ಮಾವ್ರೇ, ಹೊಸ ಸೋಪು. ಮೊದಲು ನಮ್ಮ ಕೂಸಿಗೇ ಹಚ್ಚಿ."

ಅಯ್ಯನವರು ಪಂಚೆ ಎತ್ತಿಕೊಂಡು ಓಡಿ ಬಂದರು. "ಬೇಡ! ಅದಿನ್ನೂ ಹಸಿ! ಮೈಯೆಲ್ಲ ಬೊಬ್ಬೆ ಎದ್ದೀತು!"

"ಹಾಗಾದ್ರೆ ಚೀಟೀಲಿ ‘ಅಯ್ನೋರ ಮೊಮ್ಮಗನ್ನ ಬಿಟ್ಟು’ ಅಂತ ಸೇರಿಸ್ಲಾ?"

ಅಮ್ಮನವರು ಗಂಡನನ್ನು ದುರುಗುಟ್ಟಿ ನೋಡಿದರು. ಅಯ್ಯನವರು ತಾವೇ ಕೂತು ಚೀಟಿ ಕೀಳತೊಡಗಿದರು.