ಕೂತಿರುವ ತನಕ ಅಪ್ಪಣೆ

ಹುಲಿಕುಂದದ ಪಾರುಪತ್ಯಗಾರ ಮುದ್ದರಸಯ್ಯನ ಜಂಬ ಕೇಳಬೇಕು. ದೊರೆ ಒಬ್ಬರನ್ನು ಬಿಟ್ಟರೆ ಯಾರು ಬಂದರೂ ಆಸಾಮಿ ಕೂತಲ್ಲಿಂದ ಏಳುತ್ತಿರಲಿಲ್ಲ. ಗುರುಗಳು ಬಂದರೂ ಅಷ್ಟೆ, ಹೆತ್ತ ತಾಯಿ ಬಂದರೂ ಅಷ್ಟೆ.

"ನನ್ನ ಮಾತು ಅಂದರೆ ಹೊಡೆದ ಗೂಟ. ಕೀಳುವವನು ಇನ್ನೂ ಹುಟ್ಟಿಲ್ಲ" ಅನ್ನುತ್ತಿದ್ದ.

ಇಂಥವನ ಕಣ್ಣು ಪುಟ್ಟೀರಮ್ಮನ ಮಲ್ಲಿಗೆ ತೋಟದ ಮೇಲೆ ಬಿತ್ತು. ಪಾಪ, ಅರಮನೆಗೆ ಹೂ ಕೊಟ್ಟು ಬದುಕುವ ಹೆಂಗಸು. ತೋಟ ಹೋದರೆ ಅವಳಿಗೆ ಬೀದಿಯೇ ಗತಿ. ಮುದ್ದರಸಯ್ಯ ತೋಟ ತನ್ನದೇ ಅಂತ ಒಂದು ಸುಳ್ಳು ಕಡತ ಬರೆಸಿ, ಕಡತದ ಕೋಣೆಗೆ ಸೇರಿಸಿಬಿಟ್ಟ.

ಆ ಕೋಣೆಯ ಒಂದು ಪಕ್ಕಕ್ಕೆ ಹಳೇ ಚಾವಡಿ, ಇನ್ನೊಂದು ಪಕ್ಕಕ್ಕೆ ಹೊಸ ಚಾವಡಿ. ಎರಡಕ್ಕೂ ಕಡತ ತಂದುಕೊಡುವವನು ಲಿಂಗಣ್ಣ. 'ಇದನ್ನು ಕೇಳಿದರೆ ಅದನ್ನು ಕೊಡು' ಅಂತ ಅಧಿಕಾರಿಗಳು ಅವನಿಗೆ ಅಪ್ಪಣೆ ಮಾಡಬಹುದಿತ್ತು. ಹಳೇ ಚಾವಡಿಯಲ್ಲಿ ಅಂಥ ಅಪ್ಪಣೆ ನಡೆಯುವುದು ಹೇಳಿದವನು ಕೂತಿರುವ ತನಕ ಮಾತ್ರ. ಅವನು ಎದ್ದರೆ ಅಪ್ಪಣೆಯೂ ಮುಗಿಯಿತು. ಹೊಸ ಚಾವಡಿಯ ಪದ್ಧತಿ ಬೇರೆ. ಅಲ್ಲಿ ಹೇಳಿದ್ದು ಇಡೀ ಚಾವಡಿಗೇ ಅಂಟಿಕೊಳ್ಳುತ್ತಿತ್ತು. ಹೇಳಿದವನು ಮನೆಗೆ ಹೋಗಿ ಗೊರಕೆ ಹೊಡೆಯಲಿ, ವರ್ಷಕ್ಕೊಮ್ಮೆ ಬಾಗಿಲು ಮುಚ್ಚಿ ಸುಣ್ಣ ಬಳಿಯುವವರೆಗೂ ಅಲ್ಲಿ ಯಾರು ಕೇಳಿದರೂ ಅದೇ ನಡೆಯಬೇಕು. ಲಿಂಗಣ್ಣ ಎರಡೂ ಪದ್ಧತಿಯನ್ನು ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಕೇಳದೆ ಬಾಯಿ ಬಿಡುವ ಪೈಕಿಯೂ ಅಲ್ಲ.

ದೂರು ದೊರೆಯ ತನಕ ಹೋಯಿತು. ದೊರೆ ಹೊಸ ಚಾವಡಿಯಲ್ಲಿ ಕೂತು ಪುಟ್ಟೀರಮ್ಮನ ತೋಟದ ಕಡತ ತರಿಸಿದರೆ, ಬಂದದ್ದು ಮುದ್ದರಸಯ್ಯನ ಕಡತ. ನಾಳೆ ಸಂಜೆಯೊಳಗೆ ತೋಟ ಬಿಡಬೇಕೆಂದು ತೀರ್ಪಾಯಿತು. ಪುಟ್ಟೀರಮ್ಮ ಹೂಬುಟ್ಟಿ ತಬ್ಬಿಕೊಂಡು ಅಂಗಳದಲ್ಲೇ ಕುಸಿದು ಕೂತಳು.

ಆಸ್ಥಾನದ ವಿದೂಷಕ ಗಿಡ್ಡಯ್ಯನಿಗೆ ಇದು ಸರಿ ಕಾಣಲಿಲ್ಲ. ಆ ತೋಟದ ಬಾವಿ ತೋಡಿದ್ದು ಅವಳ ಅಜ್ಜ ಅನ್ನುವುದು ಊರಿಗೇ ಗೊತ್ತು. ಎಲ್ಲರೂ ಕೇಳುವ ಹಾಗೆ, ನಾಳೆ ಬೆಳಿಗ್ಗೆ ಹಳೇ ಚಾವಡಿಯಲ್ಲಿ ಕಡತವನ್ನು ಇನ್ನೊಮ್ಮೆ ಕೇಳಿ ನೋಡಬೇಕೆಂದು ದೊರೆಯನ್ನು ಬೇಡಿಕೊಂಡ. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದ: "ಮಹಾಸ್ವಾಮಿ, ಎಲ್ಲರೂ ಬಂದು ಕೂತ ಮೇಲೆ ತಾವು ಬನ್ನಿ."

ಮುದ್ದರಸಯ್ಯ ಒಳಗೊಳಗೇ ನಕ್ಕ. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹಳೇ ಚಾವಡಿಗೆ ಹೋಗಿ ಮೆತ್ತೆಯ ಮೇಲೆ ಕೂತು, ಹೊಸ ಚಾವಡಿಯಲ್ಲಿ ಮಾಡಿದ್ದ ಅಪ್ಪಣೆಯನ್ನೇ ಅಲ್ಲೂ ಲಿಂಗಣ್ಣನಿಗೆ ಮಾಡಿದ. ಲಿಂಗಣ್ಣ ಆಗಲಿ ಅಂದ. ಮೂರು ವರ್ಷದಿಂದ ಹೊಸ ಚಾವಡಿಯಲ್ಲೇ ದರ್ಬಾರು ಮಾಡಿದವನಿಗೆ ಹಳೇ ಪದ್ಧತಿ ಮರೆತೇ ಹೋಗಿತ್ತು.

ಒಬ್ಬೊಬ್ಬರಾಗಿ ಎಲ್ಲರೂ ಬಂದರು, ಪುಟ್ಟೀರಮ್ಮನೂ ಬಂದಳು; ಆಸಾಮಿ ಮೆತ್ತೆಯಿಂದ ಅಲುಗಲಿಲ್ಲ. ಕೊನೆಗೆ ದೊರೆ ಒಳಗೆ ಬಂದರು. ಮುದ್ದರಸಯ್ಯ ಧಡಕ್ಕನೆ ಎದ್ದು ಕೈಮುಗಿದ.

ದೊರೆ ಕಡತ ಕೇಳಿದರು. ಲಿಂಗಣ್ಣ ಒಂದು ಹಳೇ ಕಡತ ತಂದು ಬಿಚ್ಚಿದ. ಅದರಲ್ಲಿ ಪುಟ್ಟೀರಮ್ಮನ ಅಜ್ಜನ ಹೆಸರು, ಬಾವಿ, ನಾಲ್ಕೂ ಕಡೆಯ ಎಲ್ಲೆ, ಎಲ್ಲ ಇತ್ತು.

"ನಿನ್ನೆ ಬೇರೆ ತಂದೆಯಲ್ಲ?" ಅಂದರು ದೊರೆ.

"ಬುದ್ಧಿ, ಇದನ್ನು ಕೇಳಿದರೆ ಅದನ್ನು ಕೊಡು ಅಂತ ಹೊಸ ಚಾವಡಿಯಲ್ಲಿ ಅಯ್ಯನವರ ಅಪ್ಪಣೆ ಇದೆ. ಇವತ್ತು ಇಲ್ಲೂ ಮಾಡಿದ್ದರು. ಆದರೆ ಈಗ ಎದ್ದುಬಿಟ್ಟರಲ್ಲ."

ಮುದ್ದರಸಯ್ಯನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಗಿಡ್ಡಯ್ಯನ ಮೇಲೆ ಹರಿಹಾಯ್ದ.

"ಮೋಸ ಇದು. ದೊರೆಗಳಿಗೆ ಮರ್ಯಾದೆ ಕೊಡೋಣ ಅಂತ ನಾನು ಎದ್ದದ್ದು."

"ಅದಕ್ಕೇ ಅಯ್ಯನವರೇ, ದೊರೆಗಳನ್ನೇ ಕರೆಸಿದ್ದು" ಅಂದ ಗಿಡ್ಡಯ್ಯ. "ತೋಟದ ಒಡತಿ ಬಂದಾಗ ನೀವು ಎಲ್ಲಿ ಎದ್ದಿರಿ?"

ದೊರೆ ನಕ್ಕ ನಗುವಿಗೆ ಪೇಟ ಜಾರಿತು. ತೋಟ ಪುಟ್ಟೀರಮ್ಮನಿಗೇ ಉಳಿಯಿತು, ಗಿಡ್ಡಯ್ಯನ ಹೆಗಲಿಗೆ ರೇಷ್ಮೆ ಶಾಲು ಬಿತ್ತು. ಮುದ್ದರಸಯ್ಯನ ಅಧಿಕಾರ ಹೋಗಿ, ಅವನಿಗೆ ಬೇರೆ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಪುಟ್ಟೀರಮ್ಮ ಹೂ ತರುವ ಹೊತ್ತಿಗೆ ಅರಮನೆಯ ಬಾಗಿಲಲ್ಲಿ ಎದ್ದು ನಿಂತು, ಎರಡೂ ಕೈಯಲ್ಲಿ ಬುಟ್ಟಿ ಇಳಿಸಿಕೊಳ್ಳಬೇಕು.