ಇದ್ದಿಲಿನ ಅಕ್ಷರ

"ಕೇಳಿರಿ, ಕೇಳಿರಿ! ಸೆರೆಯಲ್ಲಿ ಸತ್ತ ಚೀನೀ ನಾವಿಕ ಗೋಡೆಯ ಮೇಲೆ ಇದ್ದಿಲಿನಿಂದ ಬರೆದ ಅಕ್ಷರವನ್ನು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಉಳಿಯುವುದಿಲ್ಲ!"

ಅಳಿವೆಕೋಟೆಯ ರಾಜ ಹೀಗೆ ಡಂಗುರ ಹೊಡೆಸಿದ. ಅದು ಶಾಪವೆಂದೇ ಅವನ ಭಯ. ಅದನ್ನು ಕಂಡಂದಿನಿಂದ ತುತ್ತು ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ.

ಮೊದಲು ಜೋಯಿಸರು ಬಂದರು.

"ಮೇಲೆ ಗದ್ದೆ, ಕೆಳಗೆ ಚಂದ್ರ ಎನ್ನುತ್ತಾರೆ ಚೀನಾಕ್ಕೆ ಹೋಗಿಬಂದ ವರ್ತಕರು. ಗದ್ದೆಯಲ್ಲಿ ಪೈರಿಲ್ಲ, ಚಂದ್ರನಿಗೆ ಬೆಳಕಿಲ್ಲ. ಏನದು?" ಎಂದ ರಾಜ.

"ಚಂದ್ರನಿರುವ ತನಕ ಈ ನೆಲ ತಮ್ಮದೇ, ಮಹಾಸ್ವಾಮಿ."

ಸಂಜೆಗೆ ಅವರ ತಲೆ ಕೋಟೆಬಾಗಿಲಿಗೆ ಏರಿತು. "ಗ್ರಹಣ" ಎಂದ ವರ್ತಕನದೂ ಏರಿತು.

ಆಮೇಲೆ ಬಂದವಳು ಬೊಮ್ಮಿ, ಕಾವಲಿನವರಿಗೆ ಗಂಜಿ ಕಾಯಿಸುವವಳು. ಹೆಸರು, ಊರು ಬಾಯಿಬಿಟ್ಟು ಹೇಳದ ಕೈದಿಗೆ ಅನ್ನವಿಲ್ಲ ಎಂಬುದು ಆ ಕೋಟೆಯ ಕಟ್ಟಳೆ. ಕಟ್ಟಳೆ ಮೀರಿ ನಾವಿಕನಿಗೆ ಗಂಜಿ ಕೊಡಿಸಿದ್ದಕ್ಕೆ ಅವಳಣ್ಣ, ಕಾವಲುಗಾರ ಕಾಳ, ಈಗ ಅದೇ ಕೋಣೆಯಲ್ಲಿ ಉಪವಾಸ ಬಿದ್ದಿದ್ದ.

"ತಲೆ ಭಾರವಾಯ್ತೇನೇ?" ತಳವಾರ ನಕ್ಕ.

"ಆದ್ರೆ ನಿಂಗೇ ಕೊಟ್ಟು ಹೋಗ್ತೀನಿ ಬಿಡಣ್ಣ."

ರಾಜನ ಮುಂದೆ ಕೈಮುಗಿದು ನಿಂತಳು. "ಅದು ಗದ್ದೆಯಲ್ಲ, ಬುದ್ಧೀ. ಕಾಳು ತುಂಬಿದ ಚೀಲ. ಕೆಳಗಿರೋದು ಚಂದ್ರನೂ ಅಲ್ಲ, ಮಾಂಸ. ಕಂಡಿಯಲ್ಲಿ ಗಂಜಿ ಕೊಡೋಕೆ ಹೋದಾಗ ಆತ ಧೂಳಲ್ಲಿ ಬರೆದು, ತನ್ನ ತೋಳು ಚಿವುಟಿ, ಹೊಟ್ಟೆ ಮುಟ್ಟಿ ತೋರಿಸಿದ. ಅದು ಹೊಟ್ಟೆ."

ರಾಜ ಮುಂದಕ್ಕೆ ಬಾಗಿದ.

"ಅದನ್ನು ಉಚ್ಚರಿಸುವುದು ಹೇಗೆ?"

"ವೇಯ್. ದನಿ ಮೇಲಿಂದ ಒಮ್ಮೆಗೇ ಕೆಳಗೆ ಬೀಳಬೇಕು, ಬಾವಿಗೆ ಬಿಟ್ಟ ಕೊಡದ ಹಾಗೆ. ಗಂಜಿ ನಿಂತ ಮೇಲೆ ಬೀಳಿಸೋಕೂ ಅವನಲ್ಲಿ ದನಿ ಇರಲಿಲ್ಲ."

ರಾಜನ ಮುಂದಿನ ಪ್ರಶ್ನೆ ಪಿಸುಮಾತಾಗಿತ್ತು. "ನನಗಿಟ್ಟ ಶಾಪ ಯಾವುದು?"

ಬೊಮ್ಮಿ ನೆಲ ನೋಡಿದಳು. "ಶಾಪ ಇಲ್ಲ, ಬುದ್ಧೀ. ನಮ್ಮ ಮಾತು ಅವನಿಗೆ ಬರ್ತಿರಲಿಲ್ಲ. ಹೆಸರು ಕೇಳಿದ್ದೂ ತಿಳಿದಿರಲಿಲ್ಲ. ಹಸಿವು ಅಂತ ಹೇಳೋಕೆ ಹೊಟ್ಟೆ ಬರೆದಿಟ್ಟ, ಓದೋರು ಯಾರಾದ್ರೂ ಬಂದಾರು ಅಂತ."

ರಾಜ ಕೇಳಿದ, "ಏನು ಬೇಕು ನಿನಗೆ?"

"ನಮ್ಮಣ್ಣ. ಆಮೇಲೆ, ಸೆರೆಮನೆಯೊಳಗೆ ಒಂದು ಒಲೆ. ಮಾತಾಡಿದವರಿಗೂ ಆಡದವರಿಗೂ."

ಕಾಳನನ್ನು ಚಾಪೆಯ ಮೇಲೆ ಹೊತ್ತು ತಂದರು. ಉಸಿರಿತ್ತು. ಬೊಮ್ಮಿ ಬೆರಳನ್ನು ಗಂಜಿಯಲ್ಲಿ ಅದ್ದಿ ಅವನ ತುಟಿಗೆ ಸವರಿದಳು. ನಾಲಿಗೆ ಅಲುಗಿತು. ಮರುದಿನ ಸೆರೆಮನೆಯಲ್ಲಿ ಹೊಗೆಯೆದ್ದಿತು.

ಗೋಡೆಯನ್ನು ರಾಜ ತೊಳೆಸಲಿಲ್ಲ. ಊಟದ ತಟ್ಟೆಯ ಮುಂದೆ ಕುಳಿತು, ಹೊಟ್ಟೆಯ ಮೇಲೆ ಕೈಯಿಟ್ಟು, "ವೇಯ್" ಎಂದ.

ದನಿ ಇಳಿಯಿತು. ತುತ್ತು ಇಳಿಯಲಿಲ್ಲ.